ಚಂದಾ ಕಟ್ಟಿದ್ದಾಯ್ತು, ಓದುವ ದಾರಿ ಎಲ್ಲಿ ಸ್ವಾಮಿ?

“ಎಲ್ಲಾ ಗೂಗಲ್‌ನಲ್ಲೇ ಸಿಗುತ್ತಲ್ಲ, ಲಿಂಕ್ ರಿಸಾಲ್ವರ್ ಅಂತ ಇನ್ನೊಂದು ತಂತ್ರಾಂಶ ಯಾಕ್ರೀ ಬೇಕು?”

ಕಾಲೇಜು ಗ್ರಂಥಾಲಯಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಕೇಳುವವರು ವಿದ್ಯಾರ್ಥಿಗಳಲ್ಲ, ಬಜೆಟ್ಟಿಗೆ ಸಹಿ ಹಾಕುವವರು. ಅದಕ್ಕೇ ಈ ಬರಹ ಸ್ವಲ್ಪ ಖಾರವಾಗಿದೆ, ಬೇಜಾರು ಮಾಡ್ಕೋಬೇಡಿ.

ಮೊದಲು ದುಡ್ಡಿನ ವಿಷಯ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ. ಒಳ್ಳೆಯದೇ. ಆದರೆ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ರಾತ್ರಿ ಹಾಸ್ಟೆಲಿನಲ್ಲಿ ಕೂತು ಒಂದು ಲೇಖನ ಹುಡುಕಿ ಕ್ಲಿಕ್ ಮಾಡಿದರೆ ಏನಾಗುತ್ತೆ? “ಇಷ್ಟು ಡಾಲರ್ ಕೊಡಿ” ಅನ್ನುವ ಪುಟ! ಅವಳ ಪಾಲಿನ ಹಣ ಆಗಲೇ ಸಂದಾಯವಾಗಿದೆ, ಆದರೆ ಆ ಪುಟಕ್ಕೆ ಅದು ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಒಂದೇ ಲೇಖನ ಹಲವು ಕಡೆ ಇರುತ್ತೆ: ಪ್ರಕಾಶಕರ ತಾಣದಲ್ಲಿ, ಜೆಸ್ಟೋರ್‌ನಂಥ ಸಂಗ್ರಹದಲ್ಲಿ, ಎಬ್ಸ್ಕೋದಂಥ ಡೇಟಾಬೇಸಿನಲ್ಲಿ. ನಿಮ್ಮ ಕಾಲೇಜಿಗೆ ಯಾವ ಬಾಗಿಲಿನ ಬೀಗದಕೈ ಇದೆ? ಗೂಗಲ್ಲಿಗೆ ನಾವು ಹೇಳದೆ ಅದು ಗೊತ್ತಾಗೋದಿಲ್ಲ. ಡಿಒಐ ಸಂಖ್ಯೆ ಸಾಮಾನ್ಯವಾಗಿ ಪ್ರಕಾಶಕರ ಬಾಗಿಲಿಗೇ ಕರೆದೊಯ್ಯುತ್ತೆ. ಲಿಂಕ್ ರಿಸಾಲ್ವರ್ ಮಾಡೋದು ಇಷ್ಟೇ. ಜರ್ನಲ್‌ನ ಐಎಸ್‌ಎಸ್‌ಎನ್, ಸಂಪುಟ, ಸಂಚಿಕೆ, ಪುಟಸಂಖ್ಯೆ ಎಲ್ಲವನ್ನೂ ಒಂದು ಕೊಂಡಿಯಲ್ಲಿ ಕಟ್ಟಿ ತಂದರೆ, ತನ್ನ ಜ್ಞಾನಕೋಶದಲ್ಲಿ, ಅಂದರೆ ನಾಲೆಜ್‌ಬೇಸ್‌ನಲ್ಲಿ, ನೋಡಿ “ನಿಮಗೆ ಈ ಬಾಗಿಲು ತೆರೆದಿದೆ, ಹೋಗಿ” ಅನ್ನುತ್ತೆ. ಬಸ್ ನಿಲ್ದಾಣದ ವಿಚಾರಣೆ ಕೌಂಟರ್ ಇದ್ದ ಹಾಗೆ.

ಇದು ನಿನ್ನೆ ಮೊನ್ನೆಯದಲ್ಲ. ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹರ್ಬರ್ಟ್ ವಾನ್ ಡ ಸೊಂಪೆಲ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲೇ ಮಾಡಿ ತೋರಿಸಿದ್ದು. ಆ ಕೊಂಡಿಯ ರೀತಿಗೆ ಓಪನ್‌ಯುಆರ್‌ಎಲ್ ಅಂತ ಹೆಸರು, ಮುಂದೆ ಅದು ಅಮೆರಿಕದಲ್ಲಿ ಅಧಿಕೃತ ಮಾನಕವೂ ಆಯಿತು. ಇಷ್ಟು ವರ್ಷ ಆದಮೇಲೂ ನಾನು ಕಂಡ ಎಷ್ಟೋ ಗ್ರಂಥಾಲಯಗಳಲ್ಲಿ ‘ಇ-ಸಂಪನ್ಮೂಲ’ ಅಂದರೆ ವೆಬ್‌ಸೈಟಿನಲ್ಲಿ ಸಾಲಾಗಿ ಅಂಟಿಸಿದ ಪ್ರಕಾಶಕರ ಲೋಗೋಗಳು. ಅದು ಗ್ರಂಥಾಲಯವಲ್ಲ ಸ್ವಾಮಿ, ಜಾಹೀರಾತು ಫಲಕ!

ತಂತ್ರಾಂಶ ಕೊಂಡವರಾದರೂ ಬೀಗಬೇಕಾಗಿಲ್ಲ. ಕೊಂಡಾಗ ಒಮ್ಮೆ ತುಂಬಿಸಿ ಬಿಟ್ಟ ಜ್ಞಾನಕೋಶ ಹಳೆಯ ಪಂಚಾಂಗ. ಜರ್ನಲ್‌ಗಳು ಪ್ರಕಾಶಕರನ್ನು ಬದಲಿಸುತ್ತವೆ, ಹೆಸರು ಬದಲಿಸುತ್ತವೆ. ಕೆಲವು ಡೇಟಾಬೇಸ್‌ಗಳು ಇತ್ತೀಚಿನ ಒಂದು ವರ್ಷದ ಸಂಚಿಕೆಗಳನ್ನು ಕೊಡುವುದೇ ಇಲ್ಲ. ಪ್ರಕಾಶಕರು ಇಂಥ ವಿವರ ಒಂದೇ ನಮೂನೆಯಲ್ಲಿ ಕೊಡಲಿ ಅಂತ 2010ರಲ್ಲೇ ‘ಕೆಬಾರ್ಟ್’ ಎಂಬ ಶಿಫಾರಸು ಬಂತು. ಆದರೂ ಆ ಪಟ್ಟಿಯನ್ನು ನೋಡಿ ತಿದ್ದಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಸಂಬಳ ಬೇಕು. ನಮ್ಮವರು ತಂತ್ರಾಂಶಕ್ಕೆ ಟೆಂಡರ್ ಕರೀತಾರೆ, ಮನುಷ್ಯನ ಹುದ್ದೆಯನ್ನು ಮಾತ್ರ ಖಾಲಿ ಬಿಡ್ತಾರೆ.

ಇನ್ನೊಂದು ಅಪಾಯವೂ ಇದೆ. ಘೆಂಟ್‌ನ ಆ ತಂತ್ರಾಂಶ ಎಸ್‌ಎಫ್‌ಎಕ್ಸ್ 2000ದಲ್ಲಿ ಎಕ್ಸ್ ಲಿಬ್ರಿಸ್ ಕಂಪನಿಯ ಪಾಲಾಯಿತು. 2015ರಲ್ಲಿ ಪ್ರೊಕ್ವೆಸ್ಟ್ ಆ ಕಂಪನಿಯನ್ನೇ ಕೊಂಡಿತು, 2021ರಲ್ಲಿ ಪ್ರೊಕ್ವೆಸ್ಟನ್ನು ಕ್ಲಾರಿವೇಟ್ ಕೊಂಡಿತು. ಡೇಟಾಬೇಸ್ ಮಾರುವವರೇ ಅದಕ್ಕೆ ದಾರಿ ತೋರಿಸುವವರೂ ಆದರೆ ನಂಬೋದು ಹೇಗೆ? ಅದಕ್ಕೇ ನಮ್ಮ ಪಟ್ಟಿ ನಮ್ಮ ಕೈಲೇ ಇರಬೇಕು. ಯಾರು ಬೇಕಾದರೂ ಬಳಸಬಹುದಾದ ಗ್ಲೋಬಲ್ ಓಪನ್ ನಾಲೆಜ್‌ಬೇಸ್‌ನಂಥ ಮುಕ್ತ ಪ್ರಯತ್ನಗಳೂ ಇವೆ, ಕಣ್ಣು ಹಾಯಿಸಿ.

“ಹುಡುಗರು ಹೇಗೋ ಸೈ-ಹಬ್‌ನಿಂದ ಇಳಿಸ್ಕೋತಾರೆ ಬಿಡ್ರೀ” ಅನ್ನುವವರಿಗೆ ಒಂದು ಮಾತು. 2025ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ತಡೆಹಿಡಿಯಲು ಆದೇಶಿಸಿತು. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಕದ್ದು ಓದುವುದೇ ಸುಲಭ, ಹಕ್ಕಿನಿಂದ ಓದುವುದೇ ಕಷ್ಟ ಅಂತ ಆಗಿದ್ದರೆ ತಪ್ಪು ಹುಡುಗರದಾ?

ನಾವು ಕನ್ನಡಿಗರಿಗೂ ಇದರಲ್ಲಿ ಕೆಲಸ ಇದೆ. ಓಪನ್‌ಯುಆರ್‌ಎಲ್‌ಗೆ ಯುನಿಕೋಡ್ ಹೊಸದಲ್ಲ, ಕನ್ನಡದ ಹೆಸರನ್ನೂ ಅದು ಹೊತ್ತೊಯ್ಯಬಲ್ಲದು. ಆದರೆ ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಯ ಯಾವ ಸಂಚಿಕೆ ಎಲ್ಲಿದೆ ಅಂತ ಹೊರಗಿನ ಕಂಪನಿ ಬಂದು ತುಂಬುತ್ತದೆಯೇ? ನಾವೇ ತುಂಬಬೇಕು.

ಕೇಳೋದು ಬಹಳ ಏನಿಲ್ಲ. ಒಂದು, ಚಂದಾ ಹಣದ ಜೊತೆಗೇ ಕೊಂಡಿ ನೋಡಿಕೊಳ್ಳಲು ಒಂದು ಕಾಯಂ ಹುದ್ದೆ. ಎರಡು, ಗ್ರಂಥಾಲಯದ ಪಟ್ಟಿಯನ್ನು ರಿಸಾಲ್ವರ್ ಮೂಲಕ ಗೂಗಲ್ ಸ್ಕಾಲರ್‌ಗೆ ಕೊಡಿ, ಅವರು ಅದಕ್ಕೆ ದುಡ್ಡು ಕೇಳಲ್ಲ, ಹುಡುಗರು ಹುಡುಕುವುದೂ ಅಲ್ಲೇ. ಮೂರು, ಉಚಿತ ಪ್ರತಿ ಇದ್ದರೆ ಅದನ್ನೂ ತೋರಿಸಿ. ನಾಲ್ಕು, ಪ್ರತಿ ಪುಟದಲ್ಲೂ “ಕೊಂಡಿ ಕೆಟ್ಟಿದೆ” ಅಂತ ಒಂದು ಗುಂಡಿ, ಅದನ್ನು ಒತ್ತಿದರೆ ಉತ್ತರಿಸುವ ಒಬ್ಬರು.

ನಿಮ್ಮಲ್ಲಿ ಬಹಳ ಜನ ಕಾಲೇಜುಗಳಲ್ಲಿ ಪಾಠ ಮಾಡ್ತೀರಿ, ಸಂಶೋಧನೆ ಮಾಡ್ತೀರಿ. ನಾಳೆ ಹೋದಾಗ ನಿಮ್ಮ ಗ್ರಂಥಪಾಲಕರನ್ನು ಕೇಳಿ ನೋಡಿ: “ಈ ತಿಂಗಳು ಎಷ್ಟು ಕೊಂಡಿ ಪರೀಕ್ಷೆ ಮಾಡಿದ್ರಿ?” ಅವರು ಏನಂದರು ಅಂತ ಇಲ್ಲಿ ಬಂದು ತಿಳಿಸಿ. ಆದರೆ ಅವರ ಮೇಲೆ ರೇಗಬೇಡಿ. ಆ ರೇಗಾಟವನ್ನು ಬಜೆಟ್ಟಿಗೆ ಸಹಿ ಹಾಕುವವರಿಗೆ ಮೀಸಲಿಡಿ :)