ನೆಟ್ ಕೈಕೊಟ್ಟರೆ ಯಾರು ಹೊಣೆ?

ಮಯೂರಶರ್ಮ ವಿದ್ಯೆಗಾಗಿ ಕಂಚಿಗೆ ಹೋದ ಸಂಗತಿಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಹೇಳುತ್ತದೆ. ಇಂದು ಇಂಥ ಊರುಗಳ ಯುವಕರು ಕಾಲೇಜಿಗೋ ನೌಕರಿಗೋ ಅರ್ಜಿ ಹಾಕಲು ಮೊದಲು ಹೋಗುವುದು ಹತ್ತಿರದ ಆನ್‌ಲೈನ್ ಸೇವಾ ಕೇಂದ್ರಕ್ಕೆ. ಕೊನೆಯ ದಿನ ಅಲ್ಲಿ ನೆಟ್ ಇಲ್ಲದಿದ್ದರೆ ಆ ಅವಕಾಶವೇ ಕೈತಪ್ಪುತ್ತದೆ. ಹಾಗಾಗಿ ಅಂಗಡಿಯವರು ಯಾವ ಸಂಪರ್ಕ ಆರಿಸುತ್ತಾರೆ ಎಂಬುದು ನಮಗೂ ಸಂಬಂಧಿಸಿದ್ದು. ಓದು ಮುಗಿಸಿ ಊರಲ್ಲೇ ಇಂಥ ಕೇಂದ್ರ ತೆರೆಯಬೇಕೆಂದಿರುವವರಿಗಂತೂ ಇದು ಮೊದಲ ಪ್ರಶ್ನೆ.

ಆಯ್ಕೆಗಳೇನೋ ಹೆಚ್ಚಿವೆ. 2023ರಲ್ಲಿ ಏರ್‌ಟೆಲ್ ಮತ್ತು ಜಿಯೊ ತಮ್ಮ ಏರ್‌ಫೈಬರ್ ಸೇವೆ ಆರಂಭಿಸಿದವು. ಟವರ್‌ನಿಂದ ಛಾವಣಿಯ ಆಂಟೆನಾಕ್ಕೆ ಸಿಗ್ನಲ್ ಕೊಡುವ ಸಣ್ಣ ಕಂಪನಿಗಳೂ ಇವೆ. ಕೇಬಲ್ ಎಳೆಯುವ ರಗಳೆಯಿಲ್ಲ. ಆದರೆ ಜಾಹೀರಾತಿನಲ್ಲಿ ಎದ್ದು ಕಾಣುವುದು ತಿಂಗಳ ದರ ಮತ್ತು ‘100 ಎಂಬಿಪಿಎಸ್‌ವರೆಗೆ’ ಎಂಬ ಮಾತು. ಆ ‘ವರೆಗೆ’ಯನ್ನು ಗಮನಿಸಿ. ಒಂದೇ ಟವರ್‌ನ ಸಾಮರ್ಥ್ಯವನ್ನು ಹಲವರು ಹಂಚಿಕೊಳ್ಳುವುದರಿಂದ ಸಂಜೆ ವೇಗ ಕುಸಿಯಬಹುದು. ಅಂಕಪಟ್ಟಿ, ಫೋಟೊ ಕಳಿಸಲು ಬೇಕಿರುವುದು ಅಪ್‌ಲೋಡ್ ವೇಗ. 2023ರಲ್ಲಿ ಬದಲಾದ ಬ್ರಾಡ್‌ಬ್ಯಾಂಡ್ ವ್ಯಾಖ್ಯೆ ಕೇಳುವುದು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಮಾತ್ರ.

ಇನ್ನು ‘ಶೇ 99ರಷ್ಟು ಸಮಯ ಸೇವೆ’ ಎಂಬ ಭರವಸೆ. ಲೆಕ್ಕ ಹಾಕಿ: 30 ದಿನಕ್ಕೆ 720 ಗಂಟೆ, ಅದರಲ್ಲಿ ಶೇ 1 ಎಂದರೆ ಏಳು ಗಂಟೆಗೂ ಹೆಚ್ಚು. ಅಷ್ಟೂ ಹೊತ್ತು ಒಂದೇ ದಿನ ನೆಟ್ ಹೋದರೂ ಕಂಪನಿ ಮಾತು ತಪ್ಪಿದಂತಾಗುವುದಿಲ್ಲ! ಶೇ 99.9 ಆದರೆ ಸುಮಾರು 43 ನಿಮಿಷ. ಆದ್ದರಿಂದ ನಿರ್ವಹಣೆಯ ಹೊಣೆಯನ್ನೂ ಹೊರುವ ಕಂಪನಿಯಾದರೆ, ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಸರಿಪಡಿಸುತ್ತೀರಿ, ತಡವಾದರೆ ಬಿಲ್‌ನಲ್ಲಿ ಎಷ್ಟು ಕಡಿತ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಬದಲಿ ವ್ಯವಸ್ಥೆಗೆ ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಂಡರೆ ಸಾಕೇ? ಎರಡು ಕಂಪನಿಗಳು ಒಂದೇ ಟವರ್ ಹಂಚಿಕೊಂಡಿರುವುದುಂಟು. ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಮುಗಿದರೆ ಎರಡೂ ಒಟ್ಟಿಗೆ ಮಲಗುತ್ತವೆ. ಸರ್ಕಾರವೂ ಇದೇ ಪಾಠ ಕಲಿತಿದೆ. 2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯಿತಿಗಳ ಕೇಬಲ್ ಜಾಲವನ್ನು ಸಾಲಿನ ಬದಲು ಉಂಗುರದಂತೆ ಜೋಡಿಸಲಾಗುತ್ತದೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಲಿ ಎಂಬುದು ಉದ್ದೇಶ.

ಅಗ್ಗದ ಸಂಪರ್ಕದಿಂದ ಅಂಗಡಿಯವರಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಯಬಹುದು. ಅದು ಕೈಕೊಟ್ಟ ದಿನ ನಷ್ಟವಾಗುವುದು ಮಾತ್ರ ಸರದಿಯಲ್ಲಿ ನಿಂತ ಅಭ್ಯರ್ಥಿಗೆ. ಸಹಿ ಹಾಕುವ ಮುನ್ನ ಜೋರು ಮಳೆಯ ಒಂದು ಸಂಜೆ, ಅಂಗಡಿಯಲ್ಲಿ ಜನ ತುಂಬಿರುವಾಗಲೇ ಪರೀಕ್ಷಿಸಿ ನೋಡುವುದು ಒಳ್ಳೆಯದು.