ಯಾರ ಕಥೆ, ಯಾರ ಲೇಖನಿ? ಅಮೆರಿಕದಿಂದ ಜಿನನಾಥಪುರದವರೆಗೆ

2025ರ ನವೆಂಬರ್ 15ರಂದು ಪೋಪ್ ಹದಿನಾಲ್ಕನೇ ಲಿಯೋ ಅವರು ಕೆನಡಾದ ಮೂಲನಿವಾಸಿಗಳಿಗೆ ಸೇರಿದ 62 ವಸ್ತುಗಳನ್ನು ಆ ದೇಶದ ಧರ್ಮಾಧ್ಯಕ್ಷರಿಗೆ ಒಪ್ಪಿಸಿದರು. 1925ರ ವ್ಯಾಟಿಕನ್ ಮಿಷನ್ ವಸ್ತುಪ್ರದರ್ಶನದ ಕಾಲದ ಈ ಸಂಗ್ರಹ ನೂರು ವರ್ಷಗಳ ಬಳಿಕ ಮೂಲ ವಾರಸುದಾರರತ್ತ ಹೊರಟಿತು. ಇದಕ್ಕೂ ಮೊದಲು, 2022ರ ಜುಲೈಯಲ್ಲಿ, ಪೋಪ್ ಫ್ರಾನ್ಸಿಸ್ ಕೆನಡಾಕ್ಕೇ ಹೋಗಿ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಅನ್ಯಾಯಕ್ಕಾಗಿ ಕ್ಷಮೆ ಯಾಚಿಸಿದ್ದರು. 2023ರ ಮಾರ್ಚ್ 30ರಂದು ವ್ಯಾಟಿಕನ್, ‘ಕಂಡುಹಿಡಿದವನದ್ದೇ ನೆಲ’ ಎಂಬ ಹಳೆಯ ಸಿದ್ಧಾಂತವನ್ನು ಅಧಿಕೃತವಾಗಿ ತಿರಸ್ಕರಿಸಿತು.

ದೂರದ ಕೆನಡಾದ ಸಂಗತಿ ನಮಗೇಕೆ ಎಂದು ಕೇಳುವವರಿದ್ದಾರೆ. ಆದರೆ ಈ ಕಥೆಗೆ ನಮ್ಮ ಹೆಸರಿನದ್ದೇ ನಂಟಿದೆ. 1492ರಲ್ಲಿ ಕೊಲಂಬಸ್ ಹುಡುಕಿಕೊಂಡು ಹೊರಟದ್ದು ನಮ್ಮ ಕಡೆಯ ದೇಶಗಳನ್ನು. ತಲುಪಿದ್ದು ಬೇರೆ ಕಡೆ. ಅಲ್ಲಿದ್ದವರಿಗೆ ಆತ ಇಟ್ಟ ಹೆಸರು ‘ಇಂಡಿಯನ್ನರು’. ಅವರು ಸಾಧು ಜನ, ಒಳ್ಳೆಯ ಆಳುಗಳಾಗಬಲ್ಲರು, ಅವರಿಗೆ ಯಾವ ಮತವೂ ಇದ್ದಂತಿಲ್ಲ ಎಂದು ಮೊದಲ ಭೇಟಿಯಲ್ಲೇ ಬರೆದುಕೊಂಡ. ಅವರ ಭಾಷೆಯ ಒಂದು ಮಾತೂ ಆತನಿಗೆ ಗೊತ್ತಿರಲಿಲ್ಲ!

ಮತವಿಲ್ಲ ಎಂದ ಮೇಲೆ ಕೊಡಲು ಬಂದವನಿಗೆ ಅಧಿಕಾರ ಸಿಕ್ಕಿತು. ಆಳಾಗಬಲ್ಲರು ಎಂದ ಮೇಲೆ ದುಡಿಸಲು ಅಡ್ಡಿಯಿಲ್ಲವಾಯಿತು. 1493ರಲ್ಲಿ ಪೋಪ್ ಆರನೇ ಅಲೆಕ್ಸಾಂಡರ್ ಹೊರಡಿಸಿದ ಆಜ್ಞಾಪತ್ರ ಆ ನೆಲವನ್ನು ಸ್ಪೇನಿನ ಅರಸರಿಗೆ ವಹಿಸಿತು. ಬಲವಂತದ ದುಡಿಮೆ, ಹಿಂಸೆ ಮತ್ತು ಹೊಸ ರೋಗಗಳಿಂದ ಕೆರಿಬಿಯನ್ ದ್ವೀಪಗಳ ಟೈನೋ ಜನಾಂಗ ಕೆಲವೇ ದಶಕಗಳಲ್ಲಿ ನಾಶದ ಅಂಚಿಗೆ ಬಂತು. ವರ್ಣನೆ ಮೊದಲು, ವರ್ತನೆ ಆಮೇಲೆ. ಈ ಕ್ರಮವನ್ನು ನಾವು ಗಮನಿಸಬೇಕು.

ಧರ್ಮಸಭೆಯೊಳಗೆ ವಿರೋಧದ ದನಿ ಇರಲಿಲ್ಲವೆಂದಲ್ಲ. 1511ರಲ್ಲಿ ದೊಮಿನಿಕನ್ ಗುರು ಮೊಂತೆಸಿನೋಸ್ ಬಲಿಪೀಠದ ಬಳಿಯಿಂದಲೇ ವಲಸಿಗರನ್ನು ಖಂಡಿಸಿದರು. 1537ರಲ್ಲಿ ಪೋಪ್ ಮೂರನೇ ಪೌಲ್, ಮೂಲನಿವಾಸಿಗಳು ಪೂರ್ಣ ಮನುಷ್ಯರು, ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯಕೂಡದು ಎಂದು ಸಾರಿದರು. ಧರ್ಮಾಧ್ಯಕ್ಷ ಲಾಸ್ ಕಾಸಾಸ್ ಜೀವನವಿಡೀ ಅವರ ಪರ ವಾದಿಸಿದರು. ಅಂಥವರೂ ಒಂದು ಹಂತದಲ್ಲಿ, ಆಫ್ರಿಕಾದ ಗುಲಾಮರನ್ನು ತರಿಸಿ ಎಂದು ಸಲಹೆ ನೀಡಿ ಮುಂದೆ ಪಶ್ಚಾತ್ತಾಪಪಟ್ಟರು.

ಈಗ ನಮ್ಮ ಕಡೆಗೆ ಬರೋಣ. 1498ರಲ್ಲಿ ಕೋಝಿಕ್ಕೋಡಿಗೆ ಬಂದ ವಾಸ್ಕೋ ಡ ಗಾಮನ ತಂಡ ಹಿಂದೂ ದೇವಸ್ಥಾನವೊಂದನ್ನು ಇಗರ್ಜಿಯೆಂದೇ ತಿಳಿದು ಅಲ್ಲಿ ಪ್ರಾರ್ಥಿಸಿತು. ಕೊಲಂಬಸ್ ಇದ್ದ ಮತವನ್ನು ಕಾಣಲಿಲ್ಲ. ಗಾಮನ ತಂಡ ಅಲ್ಲಿಲ್ಲದ ತನ್ನದೇ ಮತವನ್ನು ಕಂಡಿತು. ಎರಡು ಕಡೆಯೂ ಕೊರತೆ ಒಂದೇ: ಎದುರಿಗಿದ್ದವರನ್ನು ಕೇಳಲಿಲ್ಲ.

ಮೂರು ಶತಮಾನಗಳ ಬಳಿಕ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಮೈಸೂರು ಸೀಮೆಯನ್ನು ವರ್ಣಿಸಲು ಯುರೋಪಿನವರು ಸಾಲುಗಟ್ಟಿದರು. ಫ್ರಾನ್ಸಿಸ್ ಬುಕನನ್ 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ, 1807ರಲ್ಲಿ ಮೂರು ಸಂಪುಟ ಪ್ರಕಟಿಸಿದ. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ವಂದನೀಯ ದ್ಯೂಬುವಾ ಮೈಸೂರು ಸೀಮೆಯ ಕ್ರೈಸ್ತರ ನಡುವೆ ದುಡಿದರು. ಅವರು ಇಲ್ಲಿಯ ಉಡುಗೆ ತೊಟ್ಟರು, ಇಲ್ಲಿಯವರ ಊಟ ಮಾಡಿದರು, ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪೆನಿ ಹಣ ಕೊಟ್ಟು ಕೊಂಡುಕೊಂಡಿತು. ಸ್ಥಳೀಯರೊಡನೆ ವ್ಯವಹರಿಸುವ ತನ್ನ ನೌಕರರಿಗೆ ಇದು ಉಪಯುಕ್ತ ಎಂಬುದೇ ಕಾರಣ. 1816ರಲ್ಲಿ ಇಂಗ್ಲಿಷಿನಲ್ಲಿ ಬಂದ ಆ ಪುಸ್ತಕದ ಬಹುಭಾಗಕ್ಕೆ ಯೇಸುಸಭೆಯ ಫಾದರ್ ಕೂರ್ದು ಎಂಬವರ ಹಿಂದಿನ ಹಸ್ತಪ್ರತಿಯೇ ಆಧಾರವೆಂದು 1987ರಲ್ಲಿ ಫ್ರೆಂಚ್ ಸಂಶೋಧಕಿ ಸಿಲ್ವಿಯಾ ಮುರ್ ತೋರಿಸಿದರು. ಜನರ ನಡುವೆ ಬಾಳಿದ ಒಳ್ಳೆಯ ಗುರುವಿನ ಬರಹವೂ ಆಳುವವರ ಕೈಪಿಡಿಯಾಗಬಹುದು!

ಹಾಗಿದ್ದರೂ ಅಮೆರಿಕಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದನ್ನು ನೋಡಲು ಹಾಸನ ಜಿಲ್ಲೆಯ ಜಿನನಾಥಪುರಕ್ಕೆ ಹೋಗಬೇಕು. ಶ್ರವಣಬೆಳಗೊಳದ ಪಕ್ಕದ ಈ ಊರನ್ನು 12ನೇ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಕಟ್ಟಿಸಿದ. ಇಲ್ಲಿಯ ಶಾಂತಿನಾಥ ಬಸದಿ ಸುಮಾರು 1200ರಲ್ಲಿ ರೇಚಿಮಯ್ಯ ಮಾಡಿಸಿದ್ದು. ಇದನ್ನೆಲ್ಲ ನಮಗೆ ಹೇಳುವುದು ಇಲ್ಲಿಯವರೇ ಕಲ್ಲಿನಲ್ಲಿ ಕೆತ್ತಿಸಿದ ಶಾಸನಗಳು, ಯಾವುದೇ ಯಾತ್ರಿಕನ ದಿನಚರಿಯಲ್ಲ. ಹೊರಗಿನವನು ತಪ್ಪಾಗಿ ಬರೆದರೆ ಕಲ್ಲಿನ ಎದುರು ಹಿಡಿದು ನೋಡಬಹುದು. ಟೈನೋ ಜನರಿಗೆ ಇಂಥ ಬರಹದ ಸಾಕ್ಷಿ ಇರಲಿಲ್ಲ. ಮಾಯಾ ಜನರಿಗೆ ಗ್ರಂಥಗಳಿದ್ದವು. 1562ರಲ್ಲಿ ಫ್ರಾನ್ಸಿಸ್ಕನ್ ಗುರು ದಿಯೆಗೋ ದೆ ಲಾಂದಾ ಅವುಗಳನ್ನು ಸುಡಿಸಿದರು.

ಇಲ್ಲಿ ಸ್ಥಳೀಯ ವಿದ್ವಾಂಸರೂ ಇದ್ದರು. ಮೈಸೂರಿನ ಸರ್ವೇಕ್ಷಣೆ ನಡೆಸಿದ ಕಾಲಿನ್ ಮೆಕೆಂಜಿಗೆ ಕಾವಲಿ ಸಹೋದರರು ಮತ್ತು ಜೈನ ಪಂಡಿತ ಧರ್ಮಯ್ಯ ನೆರವಾದರು. 1816ರಲ್ಲಿ ಥಾಮಸ್ ಹಿಕಿ ಬಿಡಿಸಿದ ಮೆಕೆಂಜಿಯ ಚಿತ್ರದಲ್ಲಿ ತಾಳೆಗರಿ ಹಿಡಿದ ಧರ್ಮಯ್ಯನವರೂ ನಿಂತಿದ್ದಾರೆ, ಹಿಂದೆ ಗೊಮ್ಮಟನೂ ಇದ್ದಾನೆ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅವನ್ನು 500ಕ್ಕೆ ಏರಿಸಿದರು.

ಆದರೆ ನಮ್ಮಲ್ಲೂ ಎಲ್ಲರಿಗೂ ಶಾಸನ ಕೆತ್ತಿಸುವ ಶಕ್ತಿ ಇರಲಿಲ್ಲ. ಕರಾವಳಿಯ ಕೊರಗರನ್ನೇ ನೋಡಿ. 1909ರಲ್ಲಿ ಎಡ್ಗರ್ ಥರ್ಸ್ಟನ್ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ವರ್ಣಿಸಿದಾಗ ಕೊರಗರೂ ಅದರಲ್ಲಿ ಸೇರಿದರು. ಅವರ ಬಗ್ಗೆ ಬರೆದವರು ಹೆಚ್ಚಾಗಿ ಬೇರೆಯವರೇ. ಅಜಲು ಎಂಬ ಅವಮಾನಕರ ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ. ಅವರನ್ನು ಹಾಗೆ ನಡೆಸಿಕೊಂಡವರು ಯುರೋಪಿನವರಲ್ಲ, ನೆರೆಹೊರೆಯ ನಾವೇ.

ಆದುದರಿಂದ ವ್ಯಾಟಿಕನ್‌ನ ಹೆಜ್ಜೆಯನ್ನು ಹೊಗಳಿ ಸುಮ್ಮನಾದರೆ ಸಾಲದು. ನಮ್ಮ ಧರ್ಮಕೇಂದ್ರಗಳ ಶತಮಾನೋತ್ಸವ ಸಂಚಿಕೆಗಳಲ್ಲಿ ಇಗರ್ಜಿ ಕಟ್ಟಿಸಿದ ಗುರುಗಳ ಹೆಸರು, ದಾನಿಗಳ ಹೆಸರು ಇರುತ್ತದೆ. ಕಲ್ಲು ಹೊತ್ತವರ ಹೆಸರು ಎಷ್ಟರಲ್ಲಿದೆ? ಸಮಾಜಸೇವೆಯ ವರದಿಗಳಲ್ಲಿ ‘ಬಡ ಫಲಾನುಭವಿ’ ಎಂಬ ಒಕ್ಕಣೆಯ ಕೆಳಗೆ ಹೆಸರಿಲ್ಲದ ಮುಖಗಳ ಫೋಟೋ ಹಾಕುವಾಗ ಅವರನ್ನು ಕೇಳಿದ್ದೇವೆಯೇ? ವಾಳೆಯ ಗುರಿಕಾರರು, ಉಪದೇಶಿಗಳು, ಯುವ ಸಂಘಟನೆಗಳವರು ಒಂದು ಸರಳ ಅಭ್ಯಾಸ ಬೆಳೆಸಿಕೊಳ್ಳಬಹುದು. ಯಾರ ಬಗ್ಗೆ ಬರೆಯುತ್ತೇವೆಯೋ ಅವರ ಮುಂದೆ ಅದನ್ನು ಅಚ್ಚಿಗೆ ಮೊದಲು ಓದಿ ಹೇಳಬೇಕು. ಅವರು ತಿದ್ದಿ ಎಂದದ್ದನ್ನು ತಿದ್ದಬೇಕು, ಬೇಡ ಎಂದದ್ದನ್ನು ಬಿಡಬೇಕು. ಹಿರಿಯರ ನೆನಪುಗಳನ್ನು ಅವರದೇ ಮಾತಿನಲ್ಲಿ, ತುಳುವಾಗಲಿ ಕೊಂಕಣಿಯಾಗಲಿ ಕೊರಗ ಭಾಷೆಯಾಗಲಿ, ದಾಖಲಿಸಿಡಬೇಕು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಮುಂದಿನ ಸಂಚಿಕೆಯ ಸಂಪಾದಕ ಮಂಡಳಿಯಲ್ಲಿ ಅವರಿಗೂ ಒಂದು ಕುರ್ಚಿ ಇಟ್ಟರೆ ಆರಂಭವಾದಂತೆ.