ತರಗೆಲೆ ಕಸವಲ್ಲ, ಮಣ್ಣಿನ ಊಟ

ಮಕ್ಕಳೇ, ಮೈಸೂರು ನಗರದ ನೈರುತ್ಯ ಭಾಗದಲ್ಲಿ ದಟ್ಟಗಳ್ಳಿ ಇದೆ. ಹೆಸರಿನಲ್ಲಿಯೇ ಹಳ್ಳಿ ಅಡಗಿದೆ. ಹಿಂದೆ ಹೊಲಗಳಿದ್ದ ಕಡೆ ಈಗ ಮನೆ, ರಸ್ತೆಗಳು ಬಂದಿವೆ. ಇಂಥ ಜಾಗದಲ್ಲಿ ಉಳಿದ 10 ಗುಂಟೆಯಲ್ಲಿ ಒಂದು ಕುಟುಂಬ ಸೊಪ್ಪು, ಬದನೆ, ಹುರುಳಿಕಾಯಿ ಬೆಳೆಯುತ್ತಿದೆ ಎಂದುಕೊಳ್ಳಿ. ಆ ಜಮೀನನ್ನು ಹಿಗ್ಗಿಸಲಾಗದು. ಆದರೆ ಅದರ ಮಣ್ಣನ್ನು ಉತ್ತಮಗೊಳಿಸಬಹುದು. ಹೇಗೆ?

ಒಂದು ಲೆಕ್ಕ ಮಾಡೋಣ. 10 ಗುಂಟೆ ಎಂದರೆ ಸುಮಾರು 1000 ಚದರ ಮೀಟರ್. ಅಲ್ಲಿ 20 ಮಿಲಿಮೀಟರ್ ಮಳೆಯಾದರೆ 20 ಸಾವಿರ ಲೀಟರ್ ನೀರು ಬಿದ್ದಂತಾಯಿತು! ನೆಲ ಬರಿದಾಗಿದ್ದರೆ ಮಳೆಹನಿಯ ಹೊಡೆತಕ್ಕೆ ಮಣ್ಣು ಪುಡಿಯಾಗಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಇಂಗದೆ, ಫಲವತ್ತಾದ ಮೇಲ್ಮಣ್ಣನ್ನೂ ಹೊತ್ತು ಹರಿದುಹೋಗುತ್ತದೆ. ನೆಲದ ಮೇಲೆ ಒಣ ಎಲೆ, ಹುಲ್ಲಿನ ಹೊದಿಕೆ ಇದ್ದರೆ ಹನಿಯ ಪೆಟ್ಟು ಹೊದಿಕೆಗೆ ಬೀಳುತ್ತದೆ. ಅದರಡಿಯ ತಂಪಿನಲ್ಲಿ ಎರೆಹುಳುಗಳು ಬಿಲ ಕೊರೆಯುತ್ತವೆ. ಆ ದಾರಿಯಲ್ಲಿ ನೀರು ಇಳಿಯುತ್ತದೆ. ಬ್ಯಾಕ್ಟೀರಿಯ, ಶಿಲೀಂಧ್ರಗಳು ಎಲೆಯನ್ನು ಕೊಳೆಯಿಸಿ ಗಿಡಕ್ಕೆ ಆಹಾರ ಒದಗಿಸುತ್ತವೆ. ನಡುವೆ ಅಲಸಂದೆ, ಸೆಣಬು ಬಿತ್ತಿದರೆ ಅವುಗಳ ಬೇರುಗಂಟಿನ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ.

ದೊಡ್ಡಬಳ್ಳಾಪುರದ ಬಳಿಯ ರೈತ ಎಲ್. ನಾರಾಯಣ ರೆಡ್ಡಿ ಅವರು ಇದನ್ನು ಮಾಡಿ ತೋರಿಸಿದರು. ಮೊದಲು ರಾಸಾಯನಿಕ ಗೊಬ್ಬರ ಬಳಸುತ್ತಿದ್ದ ಅವರು ಅದನ್ನು ಬಿಟ್ಟು ಸಾವಯವ ಕೃಷಿಗೆ ಬಂದರು. 2019ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ತೋಟಕ್ಕೆ ಬಂದವರಿಗೆ ಅದನ್ನು ಕಲಿಸಿದರು.

ಹಾಗಾದರೆ ರಾಸಾಯನಿಕ ಗೊಬ್ಬರವನ್ನು ನಾಳೆಯೇ ನಿಲ್ಲಿಸಬೇಕೆ? ಅವಸರ ಬೇಡ. ಶ್ರೀಲಂಕಾ 2021ರಲ್ಲಿ ಅದರ ಆಮದನ್ನು ಒಮ್ಮೆಲೇ ನಿಷೇಧಿಸಿತು. ಇಳುವರಿ ಕುಸಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಣ್ಣು ಚೇತರಿಸಿಕೊಳ್ಳಲು ಕೆಲವು ವರ್ಷಗಳೇ ಬೇಕು. ಆದ್ದರಿಂದ ಮೊದಲು ಮಣ್ಣಿಗೆ ಊಟ ಹಾಕಬೇಕು, ಆಮೇಲೆ ಗೊಬ್ಬರದ ಚೀಲವನ್ನು ಕಡಿಮೆ ಮಾಡುತ್ತ ಬರಬೇಕು.

ಆ ಊಟ ಎಲ್ಲಿದೆ? ನಗರದ ಮರಗಳ ಕೆಳಗೇ ಇದೆ! ಆದರೆ ನಾವು ಅದನ್ನು ಗುಡಿಸಿ ಬೆಂಕಿ ಹಚ್ಚುತ್ತೇವೆ. ಆಗ ಎಲೆಯಲ್ಲಿದ್ದ ಇಂಗಾಲ, ಸಾರಜನಕದ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ನಮಗೆ ಉಳಿಯುವುದು ಹೊಗೆ, ಕೆಮ್ಮು ಮತ್ತು ಹಿಡಿ ಬೂದಿ. ಒಂದು ಬೀದಿಯಲ್ಲಿ ಎಲೆ ಸುಡುವುದು, ಪಕ್ಕದ ಜಮೀನಿಗೆ ದುಡ್ಡು ಕೊಟ್ಟು ಗೊಬ್ಬರ ತರುವುದು, ಇದು ಯಾವ ಜಾಣತನ? ಬೀದಿಯ ಎಲೆಯನ್ನು ಪ್ಲಾಸ್ಟಿಕ್ ಆರಿಸಿ ತೆಗೆದು ತರಕಾರಿ ಬೆಳೆಯುವವರಿಗೆ ತಲುಪಿಸುವುದು ನಗರದ ಕೆಲಸವಾಗಬೇಕು.

ನಿಮ್ಮ ಶಾಲೆಯಲ್ಲಿಯೇ ಪರೀಕ್ಷಿಸಿ. ಎರಡು ತಟ್ಟೆಗಳಲ್ಲಿ ಒಂದೇ ಅಳತೆಯ ಮಣ್ಣು ಹಾಕಿ, ಒಂದೇ ಸಮನಾಗಿ ಓರೆಯಾಗಿಡಿ. ಒಂದಕ್ಕೆ ಒಣ ಎಲೆ ಹೊದಿಸಿ. ಎರಡಕ್ಕೂ ಒಂದೊಂದು ಲೋಟ ನೀರನ್ನು ಮಳೆಯಂತೆ ಚಿಮುಕಿಸಿ. ಕೆಳಗೆ ಇಳಿದ ನೀರಿನ ಬಣ್ಣವನ್ನು ಹೋಲಿಸಿ. ಕಂಡದ್ದನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿ. ಮುಂದಿನ ಸಲ ಅಂಗಳ ಗುಡಿಸಿದಾಗ ಎಲೆಯ ರಾಶಿಯನ್ನು ಗಿಡಗಳ ಬುಡಕ್ಕೆ ಹಾಕಿ, ಬೆಂಕಿಗಲ್ಲ.